ನಾಲ್ಕನೇ ತರಗತಿಯ ಮಗು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕನೇ ತರಗತಿಗೆ ಕಾಲಿಡುವ ಮಗುವಿಗೆ ಸಾಮಾನ್ಯವಾಗಿ ಒಂಬತ್ತು ವರ್ಷ ತುಂಬಿರುತ್ತದೆ ಅಥವಾ ತುಂಬುತ್ತಿರುತ್ತದೆ. ಶಾಲೆ ಅದೇ ಇರಬಹುದು, ಜೊತೆಗಾರರೂ ಬಹುಮಟ್ಟಿಗೆ ಅವರೇ ಇರಬಹುದು, ಆದರೆ ಪಾಠದ ಸ್ವರೂಪ ಮಾತ್ರ ಹಿಂದಿನ ವರ್ಷದಂತೆ ಇರುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿ ಪೋಷಕರಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಪಠ್ಯಕ್ರಮ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ಎಲ್ಲ ಕಡೆಯೂ ಈ ಹಂತದಲ್ಲಿ ಎದುರಾಗುವ ವಿಷಯಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೂರನೇ ತರಗತಿಗೂ ನಾಲ್ಕನೇ ತರಗತಿಗೂ ನಿಜವಾಗಿ ಏನು ವ್ಯತ್ಯಾಸ?

ಮೊದಲ ಮೂರು ವರ್ಷಗಳಲ್ಲಿ ಮಗು ಕಲಿಕೆಯ ಸಲಕರಣೆಗಳನ್ನು ಕೈಗೆ ಹೊಂದಿಸಿಕೊಳ್ಳುತ್ತಿರುತ್ತದೆ. ಅಕ್ಷರ, ಒತ್ತಕ್ಷರ, ಚಿಕ್ಕ ವಾಕ್ಯ, ಕೂಡುವುದು, ಕಳೆಯುವುದು, ಮಗ್ಗಿ ಇವೆಲ್ಲ ಆ ಸಲಕರಣೆಗಳು. ನಾಲ್ಕನೇ ತರಗತಿಯಲ್ಲಿ ಶಾಲೆ ಅವು ಸಿದ್ಧವಾಗಿವೆ ಎಂದು ಭಾವಿಸಿ, ಅವುಗಳಿಂದ ಕೆಲಸ ಮಾಡಿಸಲು ತೊಡಗುತ್ತದೆ. ನೀರಿನ ಆವಿಯ ಬಗ್ಗೆ ಒಂದು ಪುಟ ಓದಿ ಅದರಲ್ಲಿರುವ ಕಾರಣವನ್ನು ಹುಡುಕಬೇಕು, ಎರಡು ಘಟನೆಗಳನ್ನು ಹೋಲಿಸಿ ನಾಲ್ಕು ಸಾಲು ಬರೆಯಬೇಕು, ಒಂದೇ ಲೆಕ್ಕದಲ್ಲಿ ಮೊದಲು ಗುಣಿಸಿ ಆಮೇಲೆ ಕಳೆಯಬೇಕು.

ಪ್ರಶ್ನೆಗಳ ಧಾಟಿಯೂ ಬದಲಾಗುತ್ತದೆ. 'ಯಾರು', 'ಎಲ್ಲಿ', 'ಎಷ್ಟು' ಎಂಬವುಗಳ ಜೊತೆಗೆ 'ಏಕೆ', 'ಹೇಗೆ', 'ನಿನಗೆ ಹೇಗೆ ಗೊತ್ತಾಯಿತು' ಎಂಬವು ಹೆಚ್ಚಾಗಿ ಬರುತ್ತವೆ. ಪಾಠದ ಸಾಲನ್ನು ಹಾಗೆಯೇ ಎತ್ತಿ ಬರೆದರೆ ಉತ್ತರ ಪೂರ್ತಿಯಾಗದ ಪ್ರಶ್ನೆಗಳು ಇವು. ಶಿಕ್ಷಕರು ಹಂತ ಹಂತವಾಗಿ ಕೈಹಿಡಿದು ನಡೆಸುವುದು ಕಡಿಮೆಯಾಗಿ, ಸೂಚನೆಯನ್ನು ಒಮ್ಮೆ ಕೇಳಿ ಕೆಲಸ ಶುರುಮಾಡಬೇಕೆಂಬ ನಿರೀಕ್ಷೆ ಹೆಚ್ಚಾಗುತ್ತದೆ. ಮೊದಲ ಕೆಲವು ವಾರ ಮಗು ಮನೆಗೆ ಬಂದು ಸುಸ್ತಾಗಿದೆ ಎಂದರೆ ಅದು ನೆಪವಾಗಿರಬೇಕಿಲ್ಲ. ದಿನವಿಡೀ ತಾನೇ ಯೋಚಿಸಿ ಮುಂದುವರಿಯುವುದು ಅದಕ್ಕೆ ಹೊಸದು.

ಇಷ್ಟು ವರ್ಷ ಚೆನ್ನಾಗಿ ಓದುತ್ತಿದ್ದ ಮಗು ಈ ವರ್ಷ ಏಕೆ ತಡವರಿಸುತ್ತಿದೆ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕಳವಳದಿಂದ ಬರುವಂಥದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಓದಿನ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ 1983ರಲ್ಲಿ ಪುಸ್ತಕ ಪ್ರಕಟಿಸಿದ ಅಮೆರಿಕದ ವಿದ್ವಾಂಸೆ ಜೀನ್ ಚಾಲ್ ಅವರು, ಮಗು 'ಓದುವುದನ್ನು ಕಲಿಯುವ' ಹಂತದಿಂದ 'ಕಲಿಯುವುದಕ್ಕಾಗಿ ಓದುವ' ಹಂತಕ್ಕೆ ದಾಟುವುದು ಸುಮಾರು ನಾಲ್ಕನೇ ತರಗತಿಯಲ್ಲಿ ಎಂದು ಗುರುತಿಸಿದ್ದರು. ಮುಂದೆ ಅವರು ಮತ್ತು ಅವರ ಸಹೋದ್ಯೋಗಿಗಳು ಬಡ ಕುಟುಂಬಗಳ ಮಕ್ಕಳ ಓದನ್ನು ಪರಿಶೀಲಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮೂರನೇ ತರಗತಿಯವರೆಗೆ ಇತರರಿಗೆ ಸಮನಾಗಿದ್ದ ಮಕ್ಕಳು ನಾಲ್ಕನೇ ತರಗತಿಯಿಂದ ಹಿಂದೆ ಬೀಳಲು ಶುರುವಾದದ್ದು ಕಂಡುಬಂತು. ಮೊದಲು ಕುಸಿದದ್ದು ಪದಗಳ ಅರ್ಥ ಹೇಳುವ ಸಾಮರ್ಥ್ಯ. ಅದರಲ್ಲೂ ದಿನಬಳಕೆಯಲ್ಲಿ ಇಲ್ಲದ, ಕಣ್ಣಿಗೆ ಕಾಣದ ಭಾವನೆ ಅಥವಾ ಕಲ್ಪನೆಗಳನ್ನು ಸೂಚಿಸುವ ಪದಗಳು. ಇದಕ್ಕೆ 'ನಾಲ್ಕನೇ ತರಗತಿಯ ಕುಸಿತ' ಎಂಬ ಹೆಸರೇ ಬಂದಿತು.

ಕಾರಣ ಹೀಗಿದೆ. ಚಿಕ್ಕ ತರಗತಿಗಳ ಪಾಠದಲ್ಲಿ ಬರುವ ಬಹುತೇಕ ಪದಗಳು ಮಗುವಿಗೆ ಕಿವಿಯಿಂದ ಮೊದಲೇ ಪರಿಚಿತ. ಅಕ್ಷರ ಕೂಡಿಸಿ ಉಚ್ಚರಿಸಿದರೆ ಸಾಕು, ಅರ್ಥ ತಾನಾಗಿ ಹೊಳೆಯುತ್ತದೆ. ನಾಲ್ಕನೇ ತರಗತಿಯಲ್ಲಿ 'ಸಾಂದ್ರೀಕರಣ', 'ಆಡಳಿತ', 'ಪರಿಣಾಮ', 'ಹೊಂದಾಣಿಕೆ' ಎಂಬಂಥ ಪದಗಳು ಬಂದಾಗ, ಮಗು ಅವನ್ನು ಒಂದೂ ತಪ್ಪಿಲ್ಲದೆ ಉಚ್ಚರಿಸಬಲ್ಲದು, ಆದರೆ ಅವು ಮನಸ್ಸಿನಲ್ಲಿ ಯಾವ ಚಿತ್ರವನ್ನೂ ಮೂಡಿಸುವುದಿಲ್ಲ. ಹೀಗಾಗಿ ಸರಾಗವಾಗಿ ಓದುವ ಮಗುವೇ ಓದಿದ್ದರ ಬಗ್ಗೆ ಕೇಳಿದಾಗ ಸುಮ್ಮನೆ ನಿಂತುಬಿಡುತ್ತದೆ. ಇದನ್ನು ಸೋಮಾರಿತನ ಎಂದು ಕರೆಯುವ ಮೊದಲು, ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತೆಂದು ಅದರದೇ ಮಾತಿನಲ್ಲಿ ಹೇಳಲು ಕೇಳಿ. ತೊಡಕು ಉಚ್ಚಾರದಲ್ಲಿದೆಯೋ, ಪದದ ಅರ್ಥದಲ್ಲಿದೆಯೋ, ವಿಷಯವೇ ಹೊಸದಾಗಿದೆಯೋ ಎಂಬುದು ಐದು ನಿಮಿಷದಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ.

ಜಗತ್ತಿನ ಅನೇಕ ದೇಶಗಳ ಮಕ್ಕಳ ಓದನ್ನು 2001ರಿಂದ ಐದು ವರ್ಷಕ್ಕೊಮ್ಮೆ ಅಳೆಯುತ್ತಿರುವ ಪಿರ್ಲ್ಸ್ ಎಂಬ ಅಧ್ಯಯನವೂ ಇದೇ ತರಗತಿಯನ್ನು ಆರಿಸಿಕೊಂಡಿದೆ ಎಂಬುದನ್ನು ಗಮನಿಸಿದರೆ, ಈ ಹಂತ ಒಂದು ತಿರುವು ಎಂಬ ಮಾತಿಗೆ ಎಷ್ಟು ತೂಕವಿದೆ ಎಂದು ಗೊತ್ತಾಗುತ್ತದೆ.

ಮಗು ತಾನೇ ಓದಬಲ್ಲದು. ಇನ್ನೂ ನಾವು ಗಟ್ಟಿಯಾಗಿ ಓದಿ ಹೇಳಬೇಕೆ?

ಖಂಡಿತವಾಗಿ ಓದಿ ಹೇಳಬೇಕು. ಈ ವಯಸ್ಸಿನಲ್ಲಿ ಮಗು ತಾನೇ ಓದಿ ಅರ್ಥಮಾಡಿಕೊಳ್ಳಬಲ್ಲದ್ದಕ್ಕಿಂತ ಕೇಳಿ ಅರ್ಥಮಾಡಿಕೊಳ್ಳಬಲ್ಲದ್ದು ಸಾಮಾನ್ಯವಾಗಿ ಹೆಚ್ಚು. ಅದರ ಓದಿನ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿರುವ ಪುಸ್ತಕವನ್ನು ನೀವು ಓದಿ ಹೇಳಿದರೆ, ಮೇಲೆ ಹೇಳಿದ ಆ ಹೊಸ ಪದಗಳು ಮೊದಲು ಕಿವಿಯ ಮೂಲಕ ಪರಿಚಯವಾಗುತ್ತವೆ. ಕಥೆಗಳಷ್ಟೇ ಸಾಲವು, ಪ್ರಾಣಿಗಳು, ಯಂತ್ರಗಳು, ಆಕಾಶ, ಹಳೆಯ ಕಾಲದ ಜನಜೀವನ ಇಂಥ ಮಾಹಿತಿಯ ಪುಸ್ತಕಗಳೂ ಇರಲಿ, ಏಕೆಂದರೆ ವಿಷಯದ ಬಗ್ಗೆ ಮೊದಲೇ ಏನಾದರೂ ಗೊತ್ತಿರುವ ಮಗುವಿಗೆ ಅದರ ಬಗ್ಗೆ ಓದುವುದು ಬಹಳ ಹಗುರವಾಗುತ್ತದೆ.

ಮಗು ತಾನೇ ಓದಲು ಪುಸ್ತಕ ಆರಿಸುವಾಗ ಶಿಕ್ಷಕರು ಹೇಳಿಕೊಡುವ ಐದು ಬೆರಳಿನ ಉಪಾಯ ಉಪಯೋಗಕ್ಕೆ ಬರುತ್ತದೆ. ನಡುವಿನ ಯಾವುದಾದರೂ ಪುಟ ತೆರೆದು ಓದುತ್ತಾ, ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಜೊತೆಯಲ್ಲಿ ಕೂತು ಓದುವಂಥದ್ದು. ಮನೆಮಾತೂ ಶಾಲೆಯ ಭಾಷೆಯೂ ಬೇರೆಯಾಗಿದ್ದರೆ ಮನೆಮಾತಿನ ಓದನ್ನು ಕೈಬಿಡಬೇಡಿ. 'ಆವಿಯಾಗುವುದು' ಎಂದರೇನೆಂದು ಒಂದು ಭಾಷೆಯಲ್ಲಿ ಅರ್ಥವಾಗಿರುವ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾದದ್ದು ಪದವೊಂದನ್ನೇ.

ಬರವಣಿಗೆಯಲ್ಲಿ ಯಾವ ಮಟ್ಟವನ್ನು ನಿರೀಕ್ಷಿಸಬಹುದು?

ವರ್ಷದ ಕೊನೆಗೆ ಮಗು ಒಂದು ವಿಷಯವನ್ನು ಹಿಡಿದು ಎರಡು ಮೂರು ಪ್ಯಾರಾ ಬರೆಯುವಂತಾಗಬೇಕು. ಒಂದೊಂದು ಪ್ಯಾರಾದಲ್ಲಿ ಒಂದೊಂದು ವಿಚಾರವಿದ್ದು, 'ಏಕೆಂದರೆ', 'ಆದ್ದರಿಂದ', 'ಆದರೆ', 'ಉದಾಹರಣೆಗೆ' ಎಂಬ ಪದಗಳಿಂದ ವಾಕ್ಯಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು. ಮೊದಲ ಕರಡು ಬರೆದು, ಓದಿ ನೋಡಿ, ತಿದ್ದಿ ಮತ್ತೆ ಬರೆಯುವ ಪದ್ಧತಿಯನ್ನು ಅನೇಕ ಶಿಕ್ಷಕರು ಈ ತರಗತಿಯಲ್ಲೇ ಆರಂಭಿಸುತ್ತಾರೆ. ಮಗುವಿಗೆ ಇದು ಶಿಕ್ಷೆಯಂತೆ ಕಾಣಬಹುದು; ಬರೆದದ್ದನ್ನು ತಿದ್ದುವುದು ಬರವಣಿಗೆಯದೇ ಭಾಗ ಎಂದು ಮನೆಯಲ್ಲೂ ಹೇಳಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಮಗು ಬರೆದದ್ದನ್ನು ತೋರಿಸಿದಾಗ ಕೆಂಪು ಪೆನ್ನು ಹಿಡಿದು ಕಾಗುಣಿತದ ತಪ್ಪುಗಳಿಂದ ಶುರುಮಾಡಬೇಡಿ ಎಂಬುದು ನನ್ನ ವಿನಂತಿ. ಮೊದಲು ವಿಷಯಕ್ಕೆ ಪ್ರತಿಕ್ರಿಯಿಸಿ, ಅರ್ಥವಾಗದ ಒಂದು ಜಾಗದ ಬಗ್ಗೆ ಪ್ರಶ್ನೆ ಕೇಳಿ, ಆಮೇಲೆ ಮತ್ತೆ ಮತ್ತೆ ಬರುವ ಒಂದೋ ಎರಡೋ ತಪ್ಪುಗಳನ್ನು ಮಾತ್ರ ತೋರಿಸಿ. ಇಪ್ಪತ್ತು ತಪ್ಪುಗಳನ್ನು ಒಟ್ಟಿಗೆ ತೋರಿಸಿದರೆ ಮುಂದಿನ ಬಾರಿ ಮಗು ತನಗೆ ಖಚಿತವಾಗಿ ಬರುವ ಚಿಕ್ಕ ಪದಗಳನ್ನಷ್ಟೇ ಬಳಸಿ ಬರೆಯುತ್ತದೆ. ತಪ್ಪುಗಳ ಜೊತೆ ಬರವಣಿಗೆಯ ಸತ್ವವೂ ಕಡಿಮೆಯಾಗುತ್ತದೆ.

ಗಣಿತದಲ್ಲಿ ಏನೇನು ಬರುತ್ತದೆ?

ದೊಡ್ಡ ಸಂಖ್ಯೆಗಳ ಸ್ಥಾನಬೆಲೆ, ಹಲವು ಅಂಕಿಗಳ ಗುಣಾಕಾರ, ಶೇಷ ಉಳಿಯುವ ಭಾಗಾಕಾರ, ಅಪವರ್ತನ ಮತ್ತು ಅಪವರ್ತ್ಯ, ಭಿನ್ನರಾಶಿ, ಎಷ್ಟೋ ಕಡೆ ದಶಮಾಂಶದ ಪರಿಚಯ, ಸುತ್ತಳತೆ ಮತ್ತು ವಿಸ್ತೀರ್ಣ, ಕೋನಗಳು, ಸ್ತಂಭಾಲೇಖ ಇವು ಸಾಮಾನ್ಯವಾಗಿ ಈ ಹಂತದಲ್ಲಿ ಬರುವ ವಿಷಯಗಳು. ಪಟ್ಟಿಗಿಂತ ಮುಖ್ಯವಾದದ್ದು, ಮಗು ಎಲ್ಲಿ ಎಡವುತ್ತದೆ ಎಂಬುದು.

ಭಾಗಾಕಾರದಲ್ಲಿ ಭಾಗಲಬ್ಧದ ನಡುವೆ ಬರುವ ಸೊನ್ನೆ ಒಂದು ಖಾಯಂ ತೊಡಕು. 816ನ್ನು 4ರಿಂದ ಭಾಗಿಸಿ 24 ಎಂದು ಬರೆಯುವ ಮಗುವಿಗೆ ಭಾಗಾಕಾರದ ಕ್ರಮ ಬರುತ್ತದೆ, ಆದರೆ ಹತ್ತರ ಸ್ಥಾನದಲ್ಲಿರುವ 1ನ್ನು 4ರಿಂದ ಭಾಗಿಸಲಾಗದಾಗ ಅಲ್ಲಿ ಸೊನ್ನೆ ಇಟ್ಟು ಮುಂದೆ ಹೋಗಬೇಕೆಂಬುದು ಮರೆತಿದೆ. ಸರಿಯಾದ ಉತ್ತರ 204. '800ನ್ನು 4ರಿಂದ ಭಾಗಿಸಿದರೆ ಎಷ್ಟು?' ಎಂದು ಮೊದಲೇ ಅಂದಾಜು ಮಾಡಿಸಿದರೆ 24 ಸರಿಯಿರಲಾರದೆಂದು ಮಗುವಿಗೇ ಹೊಳೆಯುತ್ತದೆ. ಅಂದಾಜು ಮಾಡುವ ಅಭ್ಯಾಸ ಇಡೀ ವರ್ಷ ಕಾಪಾಡುತ್ತದೆ.

ವಾಕ್ಯರೂಪದ ಲೆಕ್ಕಗಳಲ್ಲಿ ಶೇಷದ ಅರ್ಥವನ್ನೂ ಯೋಚಿಸಬೇಕಾಗುತ್ತದೆ. ಒಂದು ಬಸ್ಸಿನಲ್ಲಿ 40 ಮಕ್ಕಳು ಕೂರಬಹುದಾದರೆ 130 ಮಕ್ಕಳಿಗೆ ಎಷ್ಟು ಬಸ್ಸು ಬೇಕು ಎಂದು ಕೇಳಿದಾಗ, 'ಮೂರು, ಶೇಷ ಹತ್ತು' ಎಂಬುದು ಭಾಗಾಕಾರದ ಉತ್ತರವಾದರೂ ಪ್ರಶ್ನೆಯ ಉತ್ತರವಲ್ಲ. ಉಳಿದ ಹತ್ತು ಮಕ್ಕಳಿಗೂ ಬಸ್ಸು ಬೇಕಾದ್ದರಿಂದ ಉತ್ತರ ನಾಲ್ಕು. ಸುತ್ತಳತೆ ಮತ್ತು ವಿಸ್ತೀರ್ಣವನ್ನು ಒಂದಕ್ಕೊಂದು ಬದಲಿಸಿಕೊಳ್ಳುವುದೂ ಬಹಳ ಸಾಮಾನ್ಯ. ಚೌಕುಳಿ ಹಾಳೆಯ ಮೇಲೆ 24 ಚೌಕಗಳನ್ನು 6 ಮತ್ತು 4ರ ಆಯತವಾಗಿ, ಆಮೇಲೆ 12 ಮತ್ತು 2ರ ಆಯತವಾಗಿ ಬರೆಯಿಸಿ ನೋಡಿ. ಎರಡರ ವಿಸ್ತೀರ್ಣವೂ 24, ಆದರೆ ಮೊದಲನೆಯದರ ಸುತ್ತಳತೆ 20, ಎರಡನೆಯದರದು 28. ಸೂತ್ರವನ್ನು ನೂರು ಸಲ ಹೇಳಿಸುವುದಕ್ಕಿಂತ ಈ ಒಂದು ಚಿತ್ರ ಹೆಚ್ಚು ತಿಳಿಸುತ್ತದೆ.

ಮಗ್ಗಿಯನ್ನು ಬಾಯಿಪಾಠ ಮಾಡಿಸಬೇಕೆ, ಅರ್ಥ ತಿಳಿದರೆ ಸಾಕೇ?

ಎರಡೂ ಬೇಕು. ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ವಿಷಯಕ್ಕೆ ಮಿತಿಯಿದೆ, ಮಕ್ಕಳಲ್ಲಿ ಆ ಮಿತಿ ಇನ್ನೂ ಚಿಕ್ಕದು. ಏಳು ಎಂಟಲೆ ಎಷ್ಟೆಂದು ಬೆರಳೆಣಿಸಿ ಕಂಡುಹಿಡಿಯುವ ಹೊತ್ತಿಗೆ, ತಾನು ದೊಡ್ಡ ಭಾಗಾಕಾರದ ಯಾವ ಹಂತದಲ್ಲಿದ್ದೆ ಎಂಬುದು ಮಗುವಿಗೆ ಮರೆತುಹೋಗುತ್ತದೆ. ಮಗ್ಗಿ ನಾಲಿಗೆಯ ತುದಿಯಲ್ಲಿದ್ದರೆ ಗಮನವೆಲ್ಲ ಲೆಕ್ಕದ ಕಡೆಗೆ ಉಳಿಯುತ್ತದೆ. ಅದೇ ವೇಳೆ, ಏಳು ಎಂಟಲೆ ಮರೆತಾಗ ಏಳು ಏಳಲೆ 49ಕ್ಕೆ ಇನ್ನೊಂದು 7 ಸೇರಿಸಿ 56ನ್ನು ಪಡೆಯುವ ದಾರಿಯೂ ತಿಳಿದಿರಲಿ. ದಿನಕ್ಕೆ ಐದು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದು ಬೇಡ.

ಭಿನ್ನರಾಶಿ ಎಂದ ಕೂಡಲೆ ಮಗು ಹೆದರುತ್ತದೆ. ಏನು ಮಾಡಬಹುದು?

ಅಲ್ಲಿಯವರೆಗೆ ಮಗು ಕಲಿತ ನಿಯಮಗಳೇ ಭಿನ್ನರಾಶಿಯಲ್ಲಿ ದಾರಿ ತಪ್ಪಿಸುತ್ತವೆ. 8 ದೊಡ್ಡದು, 4 ಚಿಕ್ಕದು ಎಂದು ಮೂರು ವರ್ಷ ಕಲಿತ ಮಗು, 1/8 ಕೂಡ 1/4ಕ್ಕಿಂತ ದೊಡ್ಡದೆಂದು ಹೇಳುವುದು ಅದರ ದೃಷ್ಟಿಯಲ್ಲಿ ತರ್ಕಬದ್ಧವೇ ಆಗಿದೆ. 1/2 ಮತ್ತು 1/3ನ್ನು ಕೂಡಿಸಿ 2/5 ಎಂದು ಬರೆಯುವುದೂ, 0.6ಕ್ಕಿಂತ 0.45 ದೊಡ್ಡದು ಎನ್ನುವುದೂ ಇದೇ ಬೇರಿನಿಂದ ಹುಟ್ಟಿದ ತಪ್ಪುಗಳು. ಇವನ್ನು ಅಜಾಗರೂಕತೆ ಎಂದು ಗದರಿಸಿದರೆ ಮಗುವಿಗೆ ತಾನು ಎಲ್ಲಿ ತಪ್ಪಿದೆ ಎಂಬುದೇ ತಿಳಿಯುವುದಿಲ್ಲ.

ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಂಡು, ಒಂದನ್ನು ಎರಡಾಗಿ, ಇನ್ನೊಂದನ್ನು ನಾಲ್ಕಾಗಿ, ಮತ್ತೊಂದನ್ನು ಎಂಟಾಗಿ ಮಡಚಿ ಒಂದರ ಕೆಳಗೊಂದು ಇಟ್ಟು ನೋಡಲಿ. ಹೆಚ್ಚು ಪಾಲು ಮಾಡಿದಷ್ಟೂ ಒಂದೊಂದು ಪಾಲು ಚಿಕ್ಕದಾಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ. 2/4 ಮತ್ತು 1/2 ಸಮ ಎಂಬುದೂ ಹೀಗೆಯೇ ಕಣ್ಣಿಗೆ ಕಾಣುತ್ತದೆ. ಅರ್ಧ ಮತ್ತು ಮೂರನೇ ಒಂದನ್ನು ಕೂಡಿಸಿದರೆ 2/5 ಬರಲಾರದು, ಏಕೆಂದರೆ 2/5 ಅರ್ಧಕ್ಕಿಂತಲೂ ಕಡಿಮೆ ಎಂದು ಮಗುವೇ ಹೇಳುವ ದಿನ ಬಂದರೆ, ಅದಕ್ಕೆ ವಿಷಯ ಒಲಿದಿದೆ ಎಂದು ತಿಳಿಯಿರಿ. ಆ ಭಿನ್ನರಾಶಿಗಳನ್ನು ಕೂಡುವ ನಿಯಮ ಮುಂದಿನ ತರಗತಿಯಲ್ಲಿ ಬಂದರೂ ಚಿಂತೆಯಿಲ್ಲ.

ಶಾಲೆಯಲ್ಲಿ ಹೇಳಿಕೊಡುವ ವಿಧಾನ ನಾವು ಕಲಿತದ್ದಕ್ಕಿಂತ ಬೇರೆಯಾಗಿದೆ. ನಮ್ಮ ವಿಧಾನ ಹೇಳಿಕೊಡಬಹುದೆ?

ಮೊದಲು ಶಾಲೆಯ ವಿಧಾನವನ್ನು ಮಗುವಿನಿಂದಲೇ ಕೇಳಿ ತಿಳಿಯಿರಿ. 34ನ್ನು 26ರಿಂದ ಗುಣಿಸಲು ಕೆಲವು ಶಿಕ್ಷಕರು 26ನ್ನು 20 ಮತ್ತು 6 ಎಂದು ಬಿಡಿಸಿ, 680 ಮತ್ತು 204ನ್ನು ಬೇರೆಯಾಗಿ ಪಡೆದು, ಕೂಡಿಸಿ 884 ಎಂದು ತೋರಿಸುತ್ತಾರೆ. ನೀವು ಕಲಿತ ಮೇಲೆ ಕೆಳಗೆ ಬರೆಯುವ ವಿಧಾನದಲ್ಲಿ ನಡೆಯುವುದೂ ಇದೇ. ಅಲ್ಲಿ ಹಂತಗಳು ಒಳಗೆ ಅಡಗಿವೆ, ಇಲ್ಲಿ ಹೊರಗೆ ಕಾಣುತ್ತವೆ. ಶಾಲೆಯ ವಿಧಾನ ಗಟ್ಟಿಯಾದ ಮೇಲೆ ನಿಮ್ಮದನ್ನು ತೋರಿಸಿ, ಎರಡರಲ್ಲೂ ಉತ್ತರ ಏಕೆ ಒಂದೇ ಬರುತ್ತದೆ ಎಂದು ಕೇಳಿದರೆ ಒಳ್ಳೆಯ ಪಾಠವಾಗುತ್ತದೆ. ಅದಕ್ಕೂ ಮೊದಲೇ ಹೇಳಿಕೊಟ್ಟರೆ ಎರಡೂ ಕಲಸಿಹೋಗುತ್ತವೆ.

ಪ್ರಾಜೆಕ್ಟ್ ಕೊಡುತ್ತಾರೆ, ಕೊನೆಗೆ ನಾವೇ ಮಾಡಬೇಕಾಗುತ್ತದೆ. ಇದು ಸರಿಯೇ?

ಸರಿಯಲ್ಲ, ಮತ್ತು ಶಿಕ್ಷಕರಿಗೆ ಅದು ಬೇಕಾಗಿಯೂ ಇಲ್ಲ. ಅಂಚು ವಕ್ರವಾದ, ಬಣ್ಣ ಹೊರಗೆ ಚೆಲ್ಲಿದ, ಆದರೆ ಮಗು ತಾನೇ ಮಾಡಿದ ಮಾದರಿಯ ಮುಂದೆ ನಿಂತು ಅದು ಹತ್ತು ನಿಮಿಷ ಮಾತನಾಡಬಲ್ಲದು. ದೊಡ್ಡವರು ಮಾಡಿಕೊಟ್ಟ ಅಂದವಾದ ಮಾದರಿಯ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ಸಾಮಾನು ಹೊಂದಿಸಿಕೊಡುವುದು, ಕೆಲಸವನ್ನು ನಾಲ್ಕು ದಿನಕ್ಕೆ ಹಂಚಿಕೊಳ್ಳಲು ನೆರವಾಗುವುದು, ಅಪಾಯದ ಸಲಕರಣೆ ಬಳಸುವಾಗ ಜೊತೆಗಿರುವುದು ಇಷ್ಟು ನಿಮ್ಮ ಪಾಲು. ಕೊಟ್ಟ ಕೆಲಸ ಈ ವಯಸ್ಸಿಗೆ ನಿಜವಾಗಿಯೂ ಮೀರಿದ್ದಾಗಿದ್ದರೆ ಶಿಕ್ಷಕರಿಗೆ ಸಂಕೋಚವಿಲ್ಲದೆ ತಿಳಿಸಿ.

ಹೋಂವರ್ಕ್‌ಗೆ ಎಷ್ಟು ಹೊತ್ತು ಹಿಡಿಯಬೇಕು?

ತರಗತಿಗೆ ಹತ್ತು ನಿಮಿಷ ಎಂಬ ಒಂದು ಸ್ಥೂಲ ಲೆಕ್ಕ ಶಿಕ್ಷಣ ವಲಯದಲ್ಲಿ ಬಳಕೆಯಲ್ಲಿದೆ. ಅದರಂತೆ ನಾಲ್ಕನೇ ತರಗತಿಗೆ ಸುಮಾರು 40 ನಿಮಿಷ. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹೋಂವರ್ಕ್‌ಗೂ ಸಾಧನೆಗೂ ಇರುವ ಸಂಬಂಧ ಪ್ರೌಢ ತರಗತಿಗಳಲ್ಲಿ ಗಟ್ಟಿಯಾಗಿಯೂ ಪ್ರಾಥಮಿಕ ತರಗತಿಗಳಲ್ಲಿ ದುರ್ಬಲವಾಗಿಯೂ ಕಂಡುಬಂದಿತ್ತು. ಆದ್ದರಿಂದ ಈ ವಯಸ್ಸಿನಲ್ಲಿ ಹೋಂವರ್ಕ್‌ನ ಮುಖ್ಯ ಲಾಭವೆಂದರೆ ನಿಗದಿತ ಹೊತ್ತಿಗೆ ಕೂತು ತನ್ನ ಕೆಲಸ ತಾನೇ ಮುಗಿಸುವ ರೂಢಿ ಎಂದು ನನ್ನ ಅಭಿಪ್ರಾಯ. ದಿನವೂ ಒಂದೂವರೆ, ಎರಡು ಗಂಟೆ ಹಿಡಿಯುತ್ತಿದ್ದರೆ ಅಳಿಸಿ ಬರೆಸುವುದನ್ನು ನಿಲ್ಲಿಸಿ, ಅಲ್ಲಿಗೇ ಪುಸ್ತಕ ಮುಚ್ಚಿ, 'ಇಷ್ಟು ಹೊತ್ತಿನಲ್ಲಿ ಇಷ್ಟಾಯಿತು' ಎಂದು ಡೈರಿಯಲ್ಲಿ ಬರೆದು ಕಳಿಸಿ. ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಇನ್ನೊಂದಿಲ್ಲ. ನೀವು ಉತ್ತರ ಹೇಳಿ ಬರೆಸಿದ ತಪ್ಪಿಲ್ಲದ ಹೋಂವರ್ಕ್ ಅವರಿಗೆ ಏನನ್ನೂ ತಿಳಿಸುವುದಿಲ್ಲ.

ಪರೀಕ್ಷೆಗೆ ಹೇಗೆ ಓದಿಸಬೇಕು?

ಮತ್ತೆ ಮತ್ತೆ ಓದಿಸುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು, ಆದರೆ ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಚಿಕ್ಕ ಮಕ್ಕಳಿಗೂ ಇದೇ ದಾರಿ ಒಗ್ಗುತ್ತದೆ: ಇವತ್ತಿನ ಪಾಠದಲ್ಲಿ ಏನಿತ್ತು ಎಂದು ಹೇಳಲಿ, ಚಿತ್ರ ಬರೆದು ತೋರಿಸಲಿ, ನಿಮಗೇ ಪಾಠ ಹೇಳಿಕೊಡಲಿ. ಹಿಂದಿನ ದಿನ ಮೂರು ಗಂಟೆ ಕೂರುವುದಕ್ಕಿಂತ ವಾರವಿಡೀ ಹದಿನೈದು ನಿಮಿಷದಂತೆ ಹಂಚಿಕೊಂಡು ಓದುವುದು ಮೇಲು.

ಅಂಕ ಕಡಿಮೆ ಬಂದಾಗ, ಹೆಚ್ಚು ಬಂದಾಗ ಏನು ಹೇಳಬೇಕು?

ಕಡಿಮೆ ಬಂದಾಗ ಉತ್ತರಪತ್ರಿಕೆಯನ್ನು ಜೊತೆಯಲ್ಲಿ ಕೂತು ನೋಡಿ. ಪ್ರಶ್ನೆ ಪೂರ್ತಿ ಓದದೆ ತಪ್ಪಿದ್ದು, ವಿಷಯವೇ ತಿಳಿಯದೆ ತಪ್ಪಿದ್ದು, ಸಮಯ ಸಾಲದೆ ಬಿಟ್ಟದ್ದು ಎಂದು ಮೂರಾಗಿ ಬೇರ್ಪಡಿಸಿದರೆ, ಮುಂದೆ ಮಾಡಬೇಕಾದದ್ದು ಸ್ಪಷ್ಟವಾಗುತ್ತದೆ. ಪಕ್ಕದ ಮನೆಯ ಮಗುವಿನ ಅಂಕ ಈ ಮಾತಿನಲ್ಲಿ ಬರಬಾರದು.

ಹೆಚ್ಚು ಬಂದಾಗ ಹೇಳುವ ಮಾತಿಗೂ ಅಷ್ಟೇ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರು ಐದನೇ ತರಗತಿಯ ಮಕ್ಕಳೊಡನೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, 'ನೀನು ಬುದ್ಧಿವಂತ' ಎಂದು ಹೊಗಳಿಸಿಕೊಂಡ ಮಕ್ಕಳು, 'ಚೆನ್ನಾಗಿ ಶ್ರಮಪಟ್ಟಿದ್ದೀಯ' ಎಂದು ಹೊಗಳಿಸಿಕೊಂಡವರಿಗಿಂತ, ಒಮ್ಮೆ ಸೋತ ಮೇಲೆ ಬೇಗ ಪ್ರಯತ್ನ ಕೈಬಿಟ್ಟರು. ಮಗು ನಿರ್ದಿಷ್ಟವಾಗಿ ಏನು ಮಾಡಿತೋ ಅದನ್ನೇ ಹೆಸರಿಸಿ ಮೆಚ್ಚಿ: 'ಉತ್ತರ ಸರಿಯಿದೆಯೇ ಎಂದು ಗುಣಿಸಿ ನೋಡಿಕೊಂಡೆಯಲ್ಲ, ಒಳ್ಳೆಯದಾಯಿತು.'

ಸ್ನೇಹಿತರ ವಿಷಯಕ್ಕೆ ಅಳುತ್ತಾ ಬರುತ್ತದೆ. ನಾವು ನಡುವೆ ಹೋಗಬೇಕೆ?

ಒಂಬತ್ತು, ಹತ್ತನೇ ವಯಸ್ಸಿನಲ್ಲಿ ಗೆಳೆತನ ಬಹಳ ಗಂಭೀರ ಸಂಗತಿ. ಗುಂಪುಗಳು ಕಟ್ಟಿಕೊಳ್ಳುತ್ತವೆ, ಗುಟ್ಟುಗಳು ಹುಟ್ಟುತ್ತವೆ, ನಿನ್ನೆಯ ಜೀವದ ಗೆಳತಿ ಇವತ್ತು ಬೇರೆಯವರ ಪಕ್ಕ ಕೂರುತ್ತಾಳೆ. ಮಗು ತನ್ನನ್ನು ಇತರರೊಂದಿಗೆ ಹೋಲಿಸಿಕೊಳ್ಳುವುದೂ ಈಗ ಹೆಚ್ಚು. ಹೆಚ್ಚಿನ ಜಗಳಗಳಲ್ಲಿ ನೀವು ಪೂರ್ತಿ ಕೇಳಿಸಿಕೊಂಡು, 'ಈಗ ನೀನು ಏನು ಮಾಡಬೇಕೆಂದಿದ್ದೀಯ?' ಎಂದು ಕೇಳಿದರೆ ಸಾಕಾಗುತ್ತದೆ.

ಕಿರುಕುಳ ಬೇರೆ. ಈ ವಿಷಯವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಮನೋವಿಜ್ಞಾನಿ ಡ್ಯಾನ್ ಓಲ್ವೆಯಸ್ ಅವರು ಮೂರು ಗುರುತುಗಳನ್ನು ಹೇಳಿದ್ದಾರೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಮತ್ತು ನೋವುಣ್ಣುವ ಮಗು ಎದುರಿಸಲಾಗದಷ್ಟು ಬಲದ ಅಂತರ. ಈ ಮೂರೂ ಕಂಡರೆ ಮಕ್ಕಳೇ ಬಗೆಹರಿಸಿಕೊಳ್ಳಲಿ ಎಂದು ಕಾಯಬಾರದು. ನಡೆದದ್ದನ್ನು ದಿನಾಂಕದೊಡನೆ ಬರೆದಿಟ್ಟುಕೊಂಡು ತರಗತಿಯ ಶಿಕ್ಷಕರನ್ನು ಅದೇ ವಾರ ಭೇಟಿಯಾಗಿ. ಎದುರು ಮಗುವನ್ನೋ ಅದರ ಮನೆಯವರನ್ನೋ ನೀವೇ ನೇರವಾಗಿ ತರಾಟೆಗೆ ತೆಗೆದುಕೊಳ್ಳಬೇಡಿ.

ದೇಹದ ಬದಲಾವಣೆಗಳ ಬಗ್ಗೆ ಈಗಲೇ ಮಾತನಾಡಬೇಕೆ?

ಹೌದು. ಪ್ರೌಢಾವಸ್ಥೆಯ ಮೊದಲ ಲಕ್ಷಣಗಳು ಹೆಣ್ಣುಮಕ್ಕಳಲ್ಲಿ 8ರಿಂದ 13ನೇ ವಯಸ್ಸಿನ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ನೇ ವಯಸ್ಸಿನ ನಡುವೆ ಶುರುವಾಗುವುದು ಸಹಜ. ಅಂದರೆ ನಾಲ್ಕನೇ ತರಗತಿಯಲ್ಲೇ ಕೆಲವರಿಗೆ ಆರಂಭವಾಗಿರುತ್ತದೆ. ಮುಟ್ಟಿನ ಬಗ್ಗೆ ಮಗಳಿಗೆ ಮೊದಲೇ ತಿಳಿದಿದ್ದರೆ ಶಾಲೆಯಲ್ಲಿ ಆ ದಿನ ಬಂದಾಗ ಹೆದರುವುದಿಲ್ಲ. ಗಂಡುಮಕ್ಕಳಿಗೂ ಇದು ತಿಳಿದಿದ್ದರೆ ತರಗತಿಯಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವುದಿಲ್ಲ.

ಪುಸ್ತಕ, ಡಬ್ಬಿ, ನೀರಿನ ಬಾಟಲಿ ಎಲ್ಲವನ್ನೂ ಮರೆತು ಬರುತ್ತದೆ. ಇದು ಯಾವಾಗ ಸರಿಯಾಗುತ್ತದೆ?

ಯೋಜಿಸುವ, ನೆನಪಿಟ್ಟು ಮಾಡುವ ಸಾಮರ್ಥ್ಯ ಹದಿಹರೆಯ ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಬೈಗುಳದಿಂದ ಅವಸರಪಡಿಸಲಾಗದು. ಮಲಗುವ ಮೊದಲು ಮಗು ತಾನೇ ವೇಳಾಪಟ್ಟಿ ನೋಡಿ ಚೀಲ ಹೊಂದಿಸಲಿ. ಬಾಗಿಲ ಬಳಿ ಐದು ಸಾಲಿನ ಒಂದು ಪಟ್ಟಿ ಅಂಟಿಸಿಡಿ. ನೀವು ಚೀಲ ತುಂಬುವುದನ್ನು ನಿಲ್ಲಿಸಿದ ಮೇಲೆ ಒಂದೆರಡು ವಾರ ಮರೆವು ಹೆಚ್ಚಾಗುತ್ತದೆ. ಆಗ ಮರೆತ ಪುಸ್ತಕವನ್ನು ಶಾಲೆಗೆ ತಂದುಕೊಡಲು ಪ್ರತಿ ಸಲ ಓಡಿ ಬರಬೇಡಿ.

ನಿದ್ದೆ ಮತ್ತು ಆಟ ಎಷ್ಟು ಬೇಕು?

ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ನೀಡಿದ ಶಿಫಾರಸಿನಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮೈ ಬೆವರುವಂಥ ಆಟ ದಿನಕ್ಕೆ ಸರಾಸರಿ 60 ನಿಮಿಷವಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ಮೊದಲ ಪಾಠದಲ್ಲೇ ಆಕಳಿಸುವ ಮಗುವಿಗೆ ಬೇಕಾದದ್ದು ಟ್ಯೂಷನ್ ಅಲ್ಲ, ಮಲಗುವ ಕೋಣೆಯಿಂದ ಮೊಬೈಲ್ ಹೊರಗೆ ಹೋಗುವುದು.

ಮಗುವಿಗೆ ಕಲಿಕೆಯಲ್ಲಿ ನಿಜವಾದ ತೊಂದರೆ ಇದೆಯೇ ಎಂದು ಹೇಗೆ ತಿಳಿಯುವುದು?

ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ. ಬೋರ್ಡ್ ಮಸುಕಾಗಿ ಕಾಣುತ್ತಿದೆ ಎಂದು ಮಕ್ಕಳು ತಾವಾಗಿ ಹೇಳುವುದು ಅಪರೂಪ, ಏಕೆಂದರೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅವರು ನಂಬಿರುತ್ತಾರೆ. ಅದು ಸರಿಯಿದ್ದು, ಸಾಕಷ್ಟು ಅಭ್ಯಾಸದ ನಂತರವೂ ಪರಿಚಿತ ಪದಗಳನ್ನೇ ಅಕ್ಷರ ಅಕ್ಷರವಾಗಿ ಕೂಡಿಸಿ ಓದುವುದು, ಬಾಯಲ್ಲಿ ಸೊಗಸಾಗಿ ಹೇಳಿದ್ದನ್ನು ಬರೆಯಲು ಆಗದಿರುವುದು, ಚಿಕ್ಕ ಸಂಖ್ಯೆಗಳಲ್ಲೂ ಯಾವುದು ದೊಡ್ಡದೆಂದು ತಡವರಿಸುವುದು, ಶಾಲೆಯ ದಿನಗಳಲ್ಲಿ ಮಾತ್ರ ಹೊಟ್ಟೆನೋವು ಬರುವುದು ಇವು ತಿಂಗಳುಗಟ್ಟಲೆ ಮುಂದುವರಿದರೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಡಿಸ್ಕ್ಯಾಲ್ಕ್ಯುಲಿಯಾ (ಸಂಖ್ಯೆ ಮತ್ತು ಲೆಕ್ಕದ ತೊಡಕು) ಇಂಥ ತೊಂದರೆಗಳಿಗೂ ಬುದ್ಧಿಯ ಕೊರತೆಗೂ ಸಂಬಂಧವಿಲ್ಲ. ಚುರುಕಾದ ಮಗು ಮೂರು ವರ್ಷ ಪಾಠವನ್ನು ಕೇಳಿಯೇ ನೆನಪಿಟ್ಟುಕೊಂಡು ತೊಂದರೆಯನ್ನು ಮುಚ್ಚಿಕೊಂಡಿರಬಲ್ಲದು. ಪಾಠ ಉದ್ದವಾಗುವ ಈ ತರಗತಿಯಲ್ಲಿ ಅದು ಹೊರಗೆ ಕಾಣುತ್ತದೆ. 'ಬೆಳೆದಂತೆ ಸರಿಹೋಗುತ್ತದೆ' ಎಂದು ಇನ್ನೊಂದು ವರ್ಷ ಕಾಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಪೋಷಕರ ಸಭೆಯಲ್ಲಿ ಏನನ್ನು ಕೇಳಬೇಕು?

'ನಮ್ಮ ಮಗು ಹೇಗೆ ಓದುತ್ತಿದೆ?' ಎಂದು ಕೇಳಿದರೆ 'ಚೆನ್ನಾಗಿ ಓದುತ್ತಿದೆ' ಅಥವಾ 'ಇನ್ನೂ ಶ್ರಮ ಬೇಕು' ಎಂಬ ಉತ್ತರವಷ್ಟೇ ಸಿಗುತ್ತದೆ. ಬದಲಿಗೆ, ಮಗು ತಾನೇ ಓದಿದ್ದನ್ನು ಎಷ್ಟು ಅರ್ಥಮಾಡಿಕೊಳ್ಳುತ್ತಿದೆ, ಗಣಿತದಲ್ಲಿ ಯಾವ ಹಂತದಲ್ಲಿ ನಿಲ್ಲುತ್ತದೆ, ತಿಳಿಯದಿದ್ದಾಗ ಕೈಯೆತ್ತಿ ಕೇಳುತ್ತದೆಯೇ ಅಥವಾ ಸುಮ್ಮನಿರುತ್ತದೆಯೇ, ಬಿಡುವಿನಲ್ಲಿ ಯಾರ ಜೊತೆ ಇರುತ್ತದೆ ಎಂದು ಕೇಳಿ. ಮನೆಯಲ್ಲಿ ಏನಾದರೂ ದೊಡ್ಡ ಬದಲಾವಣೆಯಾಗಿದ್ದರೆ, ಉದಾಹರಣೆಗೆ ಹೊಸ ಕೂಸು ಬಂದಿದ್ದರೆ, ಹತ್ತಿರದವರು ತೀರಿಕೊಂಡಿದ್ದರೆ, ಅಪ್ಪ ಅಥವಾ ಅಮ್ಮ ಕೆಲಸಕ್ಕಾಗಿ ದೂರ ಹೋಗಿದ್ದರೆ, ಅದನ್ನು ಶಿಕ್ಷಕರಿಗೆ ಒಂದು ಮಾತು ತಿಳಿಸಿ. ಸಭೆಗೆ ಹಿಂದಿನ ದಿನ ಮಗುವನ್ನೂ ಕೇಳಿ: ನಾನು ನಿಮ್ಮ ಟೀಚರಿಗೆ ಏನು ಹೇಳಬೇಕೆಂದು ನಿನಗೆ ಅನ್ನಿಸುತ್ತದೆ? ಮನೆಗೆ ಬಂದ ಮೇಲೆ ಅಲ್ಲಿ ನಡೆದ ಮಾತನ್ನು, ಒಳ್ಳೆಯದನ್ನೂ ತಿದ್ದಿಕೊಳ್ಳಬೇಕಾದದ್ದನ್ನೂ, ಮಗುವಿನ ಎದುರೇ ಕೂತು ಹೇಳಿ.